ಬಡಿಯುವ ಅಲಾರಂ, ಆರುವ ದೀಪ: ಇಂಗ್ಲಿಷಿನ ‘ಗೋ ಆಫ್’ ಕ್ರಿಯಾಪದದ ಬಹ್ವರ್ಥತೆ ಮತ್ತು ಕನ್ನಡದ ‘ಆಫ್ ಆಗು’

ಸಾರಾಂಶ

ಇಂಗ್ಲಿಷಿನ ‘ಗೋ ಆಫ್’ ಎಂಬ ಪದಗುಚ್ಛ ಕ್ರಿಯಾಪದವು ಅಲಾರಂನ ವಿಷಯದಲ್ಲಿ ‘ಬಡಿಯತೊಡಗು’ ಎಂದೂ ದೀಪದ ವಿಷಯದಲ್ಲಿ ‘ಆರು’ ಎಂದೂ ಪರಸ್ಪರ ವಿರುದ್ಧವೆನಿಸುವ ಅರ್ಥಗಳನ್ನು ಕೊಡುತ್ತದೆ. ಈ ಅರ್ಥಗಳನ್ನು ಒಂದೇ ಮೂಲಾರ್ಥಕ್ಕೆ ಇಳಿಸಲು ಎಷ್ಟರ ಮಟ್ಟಿಗೆ ಸಾಧ್ಯ, ಎಲ್ಲಿ ಅಸಾಧ್ಯ ಎಂಬುದನ್ನು ಈ ಲೇಖನವು ಮೂರು ವಾಕ್ಯರಚನಾ ಪರೀಕ್ಷೆಗಳ ಮೂಲಕ ಪರಿಶೀಲಿಸುತ್ತದೆ. ‘ನೆಲೆಗೊಂಡಿದ್ದ ಸ್ಥಿತಿಯಿಂದ ಬೇರ್ಪಡು’ ಎಂಬ ಹೊಳಹು ಬಹುತೇಕ ಅರ್ಥಗಳಿಗೆ ಸಮಾನವಾಗಿದ್ದರೂ ಇಂದಿನ ಇಂಗ್ಲಿಷಿನಲ್ಲಿ ಅವು ಸ್ಥಿತಿಸೂಚಕ ಮತ್ತು ಘಟನಾಸೂಚಕ ಎಂಬ ಎರಡು ರಚನೆಗಳಾಗಿ ಒಡೆದಿವೆ ಎಂದು ನಾವು ವಾದಿಸುತ್ತೇವೆ. ಕನ್ನಡವು ‘ಆಫ್ ಆಗು’ ಎಂಬ ರೂಪದಲ್ಲಿ ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಸ್ವೀಕರಿಸಿದೆ. ಕನ್ನಡ ವಿದ್ಯಾರ್ಥಿಗಳ ಒಂದು ವ್ಯವಸ್ಥಿತ ತಪ್ಪು ಇದರಿಂದ ವಿವರಣೆ ಪಡೆಯುತ್ತದೆ.

ಕೀಲಿಪದಗಳು: ಪದಗುಚ್ಛ ಕ್ರಿಯಾಪದ, ಬಹ್ವರ್ಥತೆ, ಅವ್ಯಯ, ಸ್ಥಿತ್ಯಂತರ, ಸಹಾಯಕ ಕ್ರಿಯೆ, ಎರವಲು ಪದ

1. ಪ್ರಾಸ್ತಾವಿಕ

ಪದವಿ ತರಗತಿಯ ಅನುವಾದ ಪರೀಕ್ಷೆಯೊಂದಕ್ಕೆ ನಾವು ಆಯ್ದುಕೊಟ್ಟಿದ್ದ ಗದ್ಯಭಾಗದಲ್ಲಿ ಹೀಗೊಂದು ವಾಕ್ಯವಿತ್ತು:

(1) ದಿ ಸ್ಮೋಕ್ ಅಲಾರಂ ವೆಂಟ್ ಆಫ್ ವೈಲ್ ದೇ ವರ್ ಅಸ್ಲೀಪ್.

‘ಅವರು ನಿದ್ರಿಸುತ್ತಿದ್ದಾಗ ಹೊಗೆಯ ಅಲಾರಂ ಬಡಿದುಕೊಂಡಿತು’ ಎಂಬುದು ನಿರೀಕ್ಷಿತ ಉತ್ತರ. ಆದರೆ ಹಲವರು ‘ಅಲಾರಂ ನಿಂತುಹೋಯಿತು’ ಎಂದು ಬರೆದಿದ್ದರು. ಮನೆಯವರೆಲ್ಲ ಹೊರಗೆ ಓಡಿಬಂದರೆಂದು ಮುಂದಿನ ವಾಕ್ಯ ಹೇಳುತ್ತಿದ್ದರೂ ಅವರು ತಮ್ಮ ಅರ್ಥವನ್ನು ಬದಲಿಸಿರಲಿಲ್ಲ. ನಾವು ಆ ಉತ್ತರಗಳನ್ನು ತಪ್ಪೆಂದು ಗುರುತಿಸಿ ಅಂಕ ಕಳೆದೆವು. ಬಳಿಕ ವಿದ್ಯಾರ್ಥಿಯೊಬ್ಬರು ಬಂದು, ‘ದಿ ಲೈಟ್ಸ್ ವೆಂಟ್ ಆಫ್’ ಎಂದರೆ ದೀಪಗಳು ಆರಿದವು ಎಂದು ತರಗತಿಯಲ್ಲಿ ಹೇಳಿಕೊಟ್ಟಿರುವಾಗ ಅಲಾರಂಗೆ ಮಾತ್ರ ಬೇರೆ ನ್ಯಾಯವೇಕೆ ಎಂದು ಕೇಳಿದರು. ‘ಅದು ರೂಢಿ’ ಎಂಬುದಷ್ಟೇ ಅಂದು ನಮ್ಮ ಉತ್ತರವಾಗಿತ್ತು. ಅದು ಉತ್ತರವಲ್ಲ, ಉತ್ತರದ ಗೈರುಹಾಜರಿ. ಈ ಲೇಖನವು ಆ ಪ್ರಶ್ನೆಗೆ ಸಲ್ಲಬೇಕಾಗಿದ್ದ ವಿವರಣೆ.

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಎರಡು ಅರ್ಥಗಳ ನಡುವಣ ಅಂತರವು ಛಾಯೆಯದಲ್ಲ, ವಿರೋಧದ್ದು. ಎಚ್ಚರಿಕೆಯ ಗಂಟೆ ಬಡಿಯಿತೋ ಸುಮ್ಮನಾಯಿತೋ ಎಂಬುದು ತಿರುವುಮುರುವಾದರೆ ಸುರಕ್ಷತಾ ಸೂಚನೆ, ಸಾಕ್ಷ್ಯದ ಹೇಳಿಕೆ, ವೈದ್ಯಕೀಯ ದಾಖಲೆಗಳ ಅನುವಾದವೆಲ್ಲ ತಿರುವುಮುರುವಾಗುತ್ತದೆ. ಸಿದ್ಧಾಂತದ ದೃಷ್ಟಿಯಿಂದಲೂ ಇದು ಗಂಭೀರ ಸಮಸ್ಯೆ. ಒಂದೇ ರೂಪವು ವಿರುದ್ಧಾರ್ಥಗಳನ್ನು ಹೊತ್ತಿರುವಾಗ ಅರ್ಥವು ಆ ರೂಪದ ಯಾವ ಭಾಗದಲ್ಲಿ ನೆಲೆಸಿದೆ?

2. ಅರ್ಥ ಎಲ್ಲಿದೆ?

ಕ್ರಿಯಾಪದದ ಬಳಿಕ ಅವ್ಯಯವೊಂದನ್ನು ಸೇರಿಸಿ ಅದರ ಅರ್ಥವನ್ನು ಮಾರ್ಪಡಿಸುವ ಇಂಗ್ಲಿಷಿನ ಪದ್ಧತಿಯು ಪರಭಾಷಿಕರಿಗೆ ಅತ್ಯಂತ ಕಠಿನವಾದುದೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ ಗುರುತಿಸಿದ್ದರು. ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಲೋಗನ್ ಪಿಯರ್ಸಾಲ್ ಸ್ಮಿತ್ ಅವರ 1925ರ ಗ್ರಂಥದಿಂದ. ಆ ಹೆಸರನ್ನು ಸೂಚಿಸಿದವರು ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ ಹೇಳಿಕೊಂಡಿದ್ದಾರೆ. ಡ್ವೈಟ್ ಬೋಲಿಂಜರ್ ಅವರ 1971ರ ಅಧ್ಯಯನವು ಇವುಗಳ ವಾಕ್ಯರಚನೆ ಮತ್ತು ಅರ್ಥವನ್ನು ಒಟ್ಟಾಗಿ ಪರಿಶೀಲಿಸಿತು. ಸೂಸನ್ ಲಿಂಡ್ನರ್ ಅವರ 1981ರ ಪಿಎಚ್.ಡಿ. ಪ್ರಬಂಧವು ‘ಅಪ್’ ಮತ್ತು ‘ಔಟ್’ ಎಂಬ ಅವ್ಯಯಗಳಿಗೆ ವ್ಯವಸ್ಥಿತವಾದ ಸ್ವಂತ ಅರ್ಥಜಾಲಗಳಿವೆ ಎಂದು ತೋರಿಸಿತು.

ಬಹ್ವರ್ಥತೆಯ ಪ್ರಮಾಣವೂ ಅಲ್ಪವಲ್ಲ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್ಸನ್ನು ಆಧರಿಸಿ ಗಾರ್ಡ್ನರ್ ಮತ್ತು ಡೇವಿಸ್ 2007ರಲ್ಲಿ ಪಟ್ಟಿಮಾಡಿದ ಅತಿ ಬಳಕೆಯ 100 ಪದಗುಚ್ಛ ಕ್ರಿಯಾಪದಗಳಿಗೆ ವರ್ಡ್‌ನೆಟ್ ಕೋಶದಲ್ಲಿ 559 ಅರ್ಥಗಳಿವೆ. ಅಂದರೆ ಸರಾಸರಿ ಒಂದಕ್ಕೆ ಐದಕ್ಕಿಂತ ಹೆಚ್ಚು. ಗಾರ್ನಿಯರ್ ಮತ್ತು ಶ್ಮಿಟ್ 2015ರಲ್ಲಿ 150 ಕ್ರಿಯಾಪದಗಳನ್ನು ಆಯ್ದು, ನಿಜವಾದ ಬಳಕೆಯಲ್ಲಿ ಪ್ರಧಾನವಾಗಿರುವ 288 ಅರ್ಥಗಳಿಗೆ ಪಟ್ಟಿಯನ್ನು ಇಳಿಸಿದರು. ಕಲಿಯುವವನ ಹೊರೆಯನ್ನು ಇದು ತಗ್ಗಿಸುತ್ತದೆ. ಆದರೆ ಪಟ್ಟಿಯಲ್ಲಿ ಉಳಿದ ಅರ್ಥಗಳಿಗೆ ಪರಸ್ಪರ ಏನು ಸಂಬಂಧ ಎಂಬ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ.

ಅರ್ಥವು ಅವ್ಯಯದಲ್ಲಿದೆಯೇ, ಕೂಡಿಕೆಯಲ್ಲಿದೆಯೇ ಎಂಬ ಈ ಚರ್ಚೆ ಭಾರತೀಯ ವ್ಯಾಕರಣ ಪರಂಪರೆಗೆ ಹೊಸದಲ್ಲ. ಉಪಸರ್ಗಗಳು ಬಿಡಿಯಾಗಿ ಅರ್ಥವನ್ನು ಹೇಳಲಾರವು, ನಾಮ ಮತ್ತು ಆಖ್ಯಾತಗಳ ಅರ್ಥವನ್ನು ದ್ಯೋತಿಸುತ್ತವೆ ಎಂಬುದು ಶಾಕಟಾಯನನ ಪಕ್ಷ. ಅವುಗಳಿಗೂ ನಾನಾ ಬಗೆಯ ಸ್ವಂತ ಅರ್ಥಗಳಿವೆ ಎಂಬುದು ಗಾರ್ಗ್ಯನ ಪಕ್ಷ. ಯಾಸ್ಕನ ನಿರುಕ್ತವು ಎರಡನ್ನೂ ದಾಖಲಿಸಿದೆ. ಆಹಾರ, ವಿಹಾರ, ಸಂಹಾರ, ಪರಿಹಾರ ಎಂಬ ಪದಗಳನ್ನು ದಿನವೂ ಬಳಸುವ ಕನ್ನಡಿಗನಿಗೆ ಈ ಸಮಸ್ಯೆಯ ಸ್ವರೂಪ ಪರಿಚಿತವೇ. ಉಪಸರ್ಗವು ಧಾತುವಿಗೆ ಮೊದಲು ಬರುವುದೆಂದು ವಿಧಿಸುವ ಪಾಣಿನಿಯು ವೇದಭಾಷೆಯಲ್ಲಿ ಅದು ಧಾತುವಿನ ಬಳಿಕವೂ, ನಡುವೆ ಅಂತರವಿಟ್ಟೂ ಬರಬಹುದೆಂದು ಹೇಳುತ್ತಾನೆ. ಇಂಗ್ಲಿಷಿನ ಅವ್ಯಯಗಳ ಸಡಿಲ ಸ್ಥಾನದೊಡನೆ ಇದನ್ನು ಹೋಲಿಸಬಹುದು.

‘ಆಫ್’ನ ವಿಷಯದಲ್ಲಿ ಈ ನಂಟು ವ್ಯುತ್ಪತ್ತಿಯದೂ ಹೌದು. ಹಳೆಯ ಇಂಗ್ಲಿಷಿನಲ್ಲಿ ‘ಆಫ್’ ಮತ್ತು ಷಷ್ಠ್ಯರ್ಥದ ‘ಆವ್’ ಎರಡೂ ಒಂದೇ ಪದವಾಗಿದ್ದವು. ಒತ್ತಿ ಉಚ್ಚರಿಸಿದ ರೂಪವು ಬೇರೆಯಾಗಿ ಬೆಳೆದು, 17ನೆಯ ಶತಮಾನದ ಹೊತ್ತಿಗೆ ಬರೆವಣಿಗೆಯಲ್ಲಿಯೂ ಪ್ರತ್ಯೇಕವಾಯಿತು. ಆ ಮೂಲಪದವು ಸಂಸ್ಕೃತದ ‘ಅಪ’ ಎಂಬ ಉಪಸರ್ಗದ ಜ್ಞಾತಿ. ‘ಅಪಹರಣ’ದಲ್ಲಿ ದೂರ ಒಯ್ಯುವ ಅರ್ಥವೂ ‘ಅಪಕೀರ್ತಿ’, ‘ಅಪಶಕುನ’ಗಳಲ್ಲಿ ಕೇಡಿನ ಅರ್ಥವೂ ಇರುವುದನ್ನು ಗಮನಿಸಿದರೆ, ದೂರವಾಗುವುದರಿಂದ ಕೆಡುವುದರತ್ತ ಸಾಗುವ ಅರ್ಥವಿಸ್ತಾರವು ಇಂಗ್ಲಿಷಿಗೆ ಮಾತ್ರ ಸೀಮಿತವಲ್ಲವೆಂಬುದು ಸ್ಪಷ್ಟವಾಗುತ್ತದೆ.

3. ‘ಗೋ ಆಫ್’ನ ಮುಖ್ಯ ಅರ್ಥಗಳು

ನಮ್ಮ ಚರ್ಚೆಗೆ ಬೇಕಾದ ಅರ್ಥಗಳನ್ನು ಕೆಳಗೆ ಕೊಟ್ಟಿದೆ. ನಕ್ಷತ್ರ ಚಿಹ್ನೆಯು ಮುಂದೆ ಎಲ್ಲೆಡೆ ಆ ಅರ್ಥದಲ್ಲಿ ಅಸ್ವೀಕಾರ್ಯವಾದ ವಾಕ್ಯವನ್ನು ಸೂಚಿಸುತ್ತದೆ.

(2) ಷಿ ವೆಂಟ್ ಆಫ್ ಟು ಲಂಡನ್. ‘ಅವಳು ಲಂಡನ್ನಿಗೆ ಹೊರಟುಹೋದಳು.’
(3) ದಿ ಗನ್ ವೆಂಟ್ ಆಫ್. ‘ಬಂದೂಕಿನಿಂದ ಗುಂಡು ಹಾರಿತು.’
(4) ದಿ ಅಲಾರಂ ವೆಂಟ್ ಆಫ್. ‘ಅಲಾರಂ ಬಡಿಯಿತು.’
(5) ದಿ ಲೈಟ್ಸ್ ವೆಂಟ್ ಆಫ್. ‘ದೀಪಗಳು ಆರಿದವು.’
(6) ದಿ ಮಿಲ್ಕ್ ವೆಂಟ್ ಆಫ್. ‘ಹಾಲು ಕೆಟ್ಟುಹೋಯಿತು.’
(7) ಐ ವೆಂಟ್ ಆಫ್ ಕಾಫಿ. ‘ನನಗೆ ಕಾಫಿಯ ಮೇಲಿನ ಆಸೆ ಹೋಯಿತು.’
(8) ದಿ ಬೇಬಿ ವೆಂಟ್ ಆಫ್. ‘ಮಗು ನಿದ್ದೆಹೋಯಿತು.’
(9) ದಿ ಮೀಟಿಂಗ್ ವೆಂಟ್ ಆಫ್ ವೆಲ್. ‘ಸಭೆ ಚೆನ್ನಾಗಿ ನಡೆಯಿತು.’

ಇವುಗಳಲ್ಲಿ (6), (7) ಮತ್ತು (8) ಮುಖ್ಯವಾಗಿ ಬ್ರಿಟಿಷ್ ಬಳಕೆಗಳು. (7)ರಲ್ಲಿ ‘ಆಫ್’ ತನ್ನ ಪೂರಕವನ್ನು ಪಡೆದು ವಿಭಕ್ತಿಸೂಚಕದಂತೆ ವರ್ತಿಸುತ್ತದೆ. ಉಳಿದೆಡೆ ಅದು ಪೂರಕವಿಲ್ಲದ ಅವ್ಯಯ. (9) ಮಾತ್ರ ‘ವೆಲ್’, ‘ಸ್ಮೂದ್ಲಿ’ಯಂತಹ ವಿಧಾನವಾಚಕವನ್ನು ಬೇಡುತ್ತದೆ ಮತ್ತು ಯಾವ ಸ್ಥಿತ್ಯಂತರವನ್ನೂ ಹೇಳುವುದಿಲ್ಲ. ಆದ್ದರಿಂದ ಅದನ್ನು ಪ್ರತ್ಯೇಕ ನುಡಿಗಟ್ಟೆಂದು ಬದಿಗಿರಿಸುತ್ತೇವೆ.

4. ಒಂದೇ ಮೂಲಾರ್ಥದ ಸಾಧ್ಯತೆ

ಈವ್ ಕ್ಲಾರ್ಕ್ 1974ರ ಲೇಖನವೊಂದರಲ್ಲಿ ಇಂಗ್ಲಿಷಿನ ‘ಕಮ್’ ಮತ್ತು ‘ಗೋ’ ಕ್ರಿಯಾಪದಗಳು ಸ್ಥಿತ್ಯಂತರವನ್ನು ಹೇಳುವಾಗಲೂ ದಿಕ್ಕಿನ ಪ್ರಜ್ಞೆಯನ್ನು ಉಳಿಸಿಕೊಳ್ಳುತ್ತವೆಂದು ವಾದಿಸಿದರು. ಸಹಜವೆಂದು ಎಣಿಸಿದ ಸ್ಥಿತಿಯತ್ತ ಬರುವುದು ‘ಕಮ್’, ಅದರಿಂದ ದೂರ ಸರಿಯುವುದು ‘ಗೋ’. ಹುಚ್ಚು ಹಿಡಿಯುವುದಕ್ಕೆ ‘ಗೋ’, ಪ್ರಜ್ಞೆ ಮರಳುವುದಕ್ಕೆ ‘ಕಮ್’ ಬಳಕೆಯಾಗುವುದು ಇದರಿಂದಲೇ. ‘ಆಫ್’ ಕೂಡ ಬೇರ್ಪಡಿಕೆಯನ್ನೇ ಹೇಳುವುದರಿಂದ ‘ಗೋ ಆಫ್’ ಎಂದರೆ ‘ನೆಲೆಗೊಂಡಿದ್ದ ಸ್ಥಿತಿಯಿಂದ ಕಳಚಿಕೊಂಡು ಹೋಗು’ ಎಂದು ನಿರೂಪಿಸಬಹುದು.

ಹೀಗೆ ನಿರೂಪಿಸಿದರೆ ವಿರೋಧವು ಬಹುಮಟ್ಟಿಗೆ ಕರಗುತ್ತದೆ. ಉರಿಯುತ್ತಿರುವುದು ದೀಪದ ನೆಲೆ. ಅದರಿಂದ ಕಳಚಿಕೊಂಡರೆ ಕತ್ತಲೆ. ಬಂದೂಕು, ಬಾಂಬು, ಅಲಾರಂಗಳ ನೆಲೆಯಾದರೋ ಸಜ್ಜಾಗಿ ಸುಮ್ಮನಿರುವುದು. ಕೀಲಿ ಕೊಟ್ಟ ಅಲಾರಂನಲ್ಲಿ ಬಿಗಿದ ಸ್ಪ್ರಿಂಗನ್ನು ಒಂದು ತಡೆ ಹಿಡಿದಿರುತ್ತದೆ. ನಿಗದಿತ ಹೊತ್ತಿಗೆ ಆ ತಡೆ ಸರಿದಾಗ ಸುತ್ತಿಗೆ ಗಂಟೆಯನ್ನು ಬಡಿಯುತ್ತದೆ. ಬಂದೂಕಿನ ಕುದುರೆಯೂ ಹೀಗೆಯೇ. ಎರಡರಲ್ಲಿಯೂ ಹಿಡಿದಿಟ್ಟದ್ದು ಬಿಡುಗಡೆಯಾಗುತ್ತದೆ.

ಇದಕ್ಕೆ ಸ್ಪಷ್ಟವಾದ ಜೋಡಿಯೊಂದನ್ನು ಬೆಳಕಿನ ಸಾಧನಗಳಲ್ಲಿಯೇ ಕಾಣಬಹುದು:

(10) ದಿ ಫ್ಲ್ಯಾಶ್ ವೆಂಟ್ ಆಫ್. ‘ಕ್ಯಾಮರಾದ ಫ್ಲ್ಯಾಶ್ ಬೆಳಗಿತು.’
(11) ದಿ ಲ್ಯಾಂಪ್ ವೆಂಟ್ ಆಫ್. ‘ದೀಪ ಆರಿತು.’

ಎರಡೂ ಬೆಳಕು ಕೊಡುವ ವಸ್ತುಗಳು. ಕ್ರಿಯಾಪದವೂ ಒಂದೇ. ಆದರೂ ಒಂದು ಬೆಳಗುತ್ತದೆ, ಇನ್ನೊಂದು ಆರುತ್ತದೆ. ಭೇದವನ್ನು ತಂದದ್ದು ನಾಮಪದ. ಫ್ಲ್ಯಾಶ್ ಕಾಯ್ದಿರುವ ವಸ್ತು, ದೀಪ ಉರಿದಿರುವ ವಸ್ತು ಎಂಬ ಲೋಕಜ್ಞಾನವಿಲ್ಲದೆ ಈ ವಾಕ್ಯಗಳ ಅರ್ಥ ತೀರ್ಮಾನವಾಗದು.

ಅವಧಿವಾಚಕಗಳು ಈ ನಿರೂಪಣೆಗೆ ಪೂರಕವಾಗಿವೆ:

(12) ದಿ ಅಲಾರಂ ವೆಂಟ್ ಆಫ್ ಫಾರ್ ಟೆನ್ ಮಿನಿಟ್ಸ್.
(13) ದಿ ಲೈಟ್ಸ್ ವೆಂಟ್ ಆಫ್ ಫಾರ್ ಟೆನ್ ಮಿನಿಟ್ಸ್.
(14) *ದಿ ಮಿಲ್ಕ್ ವೆಂಟ್ ಆಫ್ ಫಾರ್ ಟೆನ್ ಮಿನಿಟ್ಸ್.

(12)ರಲ್ಲಿ ಹತ್ತು ನಿಮಿಷ ಅಳೆಯುವುದು ಸದ್ದನ್ನು, (13)ರಲ್ಲಿ ಕತ್ತಲೆಯನ್ನು. ಮೇಲುನೋಟಕ್ಕೆ ಒಂದು ಚಟುವಟಿಕೆ, ಇನ್ನೊಂದು ಅದರ ಅಭಾವ. ಆದರೆ ಎರಡೂ ಕಡೆ ಅಳತೆಗೆ ಒಳಗಾದದ್ದು ವಸ್ತುವು ತನ್ನ ನೆಲೆಯಿಂದ ಹೊರಗಿದ್ದ ಕಾಲವೇ. ಕೆಟ್ಟ ಹಾಲು ತನ್ನ ನೆಲೆಗೆ ಮರಳುವುದಿಲ್ಲವಾದ್ದರಿಂದ (14) ಸಲ್ಲದು. ಕಾಫಿಯ ಮೇಲಿನ ಆಸೆ ಮರಳಬಹುದಾದ್ದರಿಂದ ‘ಐ ವೆಂಟ್ ಆಫ್ ಕಾಫಿ ಫಾರ್ ಎ ಫ್ಯೂ ಮಂತ್ಸ್’ ಎಂಬುದು ನಿರಾತಂಕವಾಗಿ ಸಲ್ಲುತ್ತದೆ.

5. ಒಡೆಯುವ ಬಿಂದು: ಮೂರು ಪರೀಕ್ಷೆಗಳು

ಇಲ್ಲಿಗೆ ನಿಲ್ಲಿಸಿದರೆ ವಿವರಣೆಯು ಅಂದವಾಗಿರುತ್ತದೆ. ಆದರೆ ಅದು ಪೂರ್ಣವಾಗುವುದಿಲ್ಲ. ಒಂದೇ ಮೂಲಾರ್ಥವು ಎಲ್ಲ ಬಳಕೆಗಳನ್ನೂ ಆಳುವುದಾದರೆ ಅವು ವಾಕ್ಯರಚನೆಯಲ್ಲಿಯೂ ಒಂದೇ ಬಗೆಯಾಗಿ ವರ್ತಿಸಬೇಕಿತ್ತು. ಹಾಗಾಗುವುದಿಲ್ಲ.

ಮೊದಲನೆಯದು ಫಲಿತಸ್ಥಿತಿಯ ಪರೀಕ್ಷೆ. ‘ಗೋ’ ಬದಲಿಗೆ ‘ಬಿ’ ಕ್ರಿಯಾಪದವನ್ನಿಟ್ಟು, ಘಟನೆಯ ಬಳಿಕದ ಸ್ಥಿತಿಯನ್ನು ಅದು ಹೇಳಬಲ್ಲುದೇ ಎಂದು ನೋಡೋಣ. ದೀಪಗಳು ಆರಿದ ಮೇಲೆ ‘ದಿ ಲೈಟ್ಸ್ ಆರ್ ಆಫ್’, ಹಾಲು ಕೆಟ್ಟ ಮೇಲೆ ‘ದಿ ಮಿಲ್ಕ್ ಈಸ್ ಆಫ್’, ಕಾಫಿ ಬೇಡವಾದ ಮೇಲೆ ‘ಐ ಆಮ್ ಆಫ್ ಕಾಫಿ’ ಎಂದು ಹೇಳಬಹುದು. ಆದರೆ ಬಾಂಬು ಸಿಡಿದ ಮೇಲೆ ‘*ದಿ ಬಾಂಬ್ ಈಸ್ ಆಫ್’ ಎನ್ನಲಾಗದು. ಅಲಾರಂ ಬಡಿಯುತ್ತಿರುವಾಗ ‘ದಿ ಅಲಾರಂ ಈಸ್ ಆಫ್’ ಎಂದರೆ ಅದು ಅಸತ್ಯವಾಗುತ್ತದೆ. ಆ ವಾಕ್ಯಕ್ಕೆ ಅಲಾರಂ ಸುಮ್ಮನಿದೆ ಎಂದೇ ಅರ್ಥ. ಹೀಗೆ (4)ರಿಂದ ‘ಅಲಾರಂ ಆಫ್ ಸ್ಥಿತಿಯಲ್ಲಿದೆ’ ಎಂಬುದು ಫಲಿಸುವುದಿಲ್ಲ, ತದ್ವಿರುದ್ಧವಾದುದು ಫಲಿಸುತ್ತದೆ.

ಎರಡನೆಯದು ಪ್ರೇರಣಾರ್ಥಕದ ಪರೀಕ್ಷೆ. ದೀಪವನ್ನು ಆರಿಸುವುದು ‘ಟರ್ನ್ ಆಫ್’ ಅಥವಾ ‘ಸ್ವಿಚ್ ಆಫ್’. ಬಾಂಬನ್ನು ಸಿಡಿಸುವುದು, ಅಲಾರಂ ಬಡಿಯುವಂತೆ ಮಾಡುವುದು ‘ಸೆಟ್ ಆಫ್’. ಅಲಾರಂ ಎರಡೂ ಪ್ರೇರಣಾರ್ಥಕಗಳನ್ನು ಪಡೆಯುತ್ತದೆ: ‘ಸೆಟ್ ಆಫ್’ ಮಾಡಿದರೆ ಬಡಿಯುತ್ತದೆ, ‘ಟರ್ನ್ ಆಫ್’ ಮಾಡಿದರೆ ನಿಲ್ಲುತ್ತದೆ. ಎರಡು ಪ್ರೇರಣಾರ್ಥಕಗಳಿಗೆ ಎರಡು ಬೇರೆ ‘ಆಫ್’ಗಳು ಆಧಾರವಾಗಿವೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ದೊರೆಯುವುದು ಕಷ್ಟ.

ಮೂರನೆಯದು ಅವ್ಯಯವನ್ನು ವಾಕ್ಯದ ಮೊದಲಿಗೆ ತರುವ ಪರೀಕ್ಷೆ. ‘ಆಫ್ ವೆಂಟ್ ದಿ ಚಿಲ್ಡ್ರನ್’, ‘ಆಫ್ ವೆಂಟ್ ದಿ ಅಲಾರಂ’ ಎಂಬ ವಾಕ್ಯಗಳು ಸಹಜ. ‘ಆಫ್ ವೆಂಟ್ ದಿ ಲೈಟ್ಸ್’ ಎಂಬುದನ್ನೂ ಥಟ್ಟನೆ ಕತ್ತಲಾದಾಗ ಹೇಳಬಹುದು. ‘*ಆಫ್ ವೆಂಟ್ ದಿ ಮಿಲ್ಕ್’ ಮಾತ್ರ ಕೆಡುವ ಅರ್ಥವನ್ನು ಕೊಡದು. ಹಾಲು ಎಲ್ಲಿಗೋ ಹೊರಟಂತೆ ಕೇಳಿಸುತ್ತದೆ. ಈ ಪರೀಕ್ಷೆ ಅಳೆಯುವುದು ಬದಲಾವಣೆಯ ಹಠಾತ್ತನ್ನು. ಆದ್ದರಿಂದ ಇದು ಮೊದಲೆರಡರಷ್ಟು ಖಚಿತವಾದ ಗೆರೆ ಎಳೆಯುವುದಿಲ್ಲ. ದೀಪವು ಎರಡು ಗುಂಪುಗಳ ಗಡಿಯಲ್ಲಿ ನಿಂತಿರುವುದನ್ನು ಮಾತ್ರ ತೋರಿಸುತ್ತದೆ.

ಇವುಗಳ ಆಧಾರದಿಂದ ನಾವು ಎರಡು ರಚನೆಗಳನ್ನು ಗುರುತಿಸುತ್ತೇವೆ. ಸ್ಥಿತಿಸೂಚಕ ರಚನೆಯಲ್ಲಿ ‘ಆಫ್’ ಒಂದು ಸ್ಥಿತಿಯ ಹೆಸರು, ‘ಗೋ’ ಆ ಸ್ಥಿತಿಗೆ ಸಾಗುವುದನ್ನು ಹೇಳುತ್ತದೆ. ದೀಪ, ಹಾಲು, ಕಾಫಿ ಇಲ್ಲಿ ಸೇರುತ್ತವೆ. ಘಟನಾಸೂಚಕ ರಚನೆಯಲ್ಲಿ ‘ಗೋ ಆಫ್’ ಇಡಿಯಾಗಿ ಬಿಡುಗಡೆಯ ಘಟನೆಯನ್ನು ಹೇಳುತ್ತದೆ, ‘ಆಫ್’ಗೆ ಅಲ್ಲಿ ಸ್ವತಂತ್ರ ಸ್ಥಿತಿಯ ಅರ್ಥವಿಲ್ಲ. ಬಂದೂಕು, ಬಾಂಬು, ಅಲಾರಂ, ಫ್ಲ್ಯಾಶ್ ಇಲ್ಲಿ ಸೇರುತ್ತವೆ. ನಿರ್ಗಮನದ ಅರ್ಥವಾದ (2) ಎರಡಕ್ಕೂ ತವರು. ಹೊರಡುವುದು ಘಟನೆ, ಹೊರಟು ದೂರವಿರುವುದು ಸ್ಥಿತಿ. ಯಾಸ್ಕನ ಪರಿಭಾಷೆಯನ್ನು ಎರವಲು ಪಡೆದು ಹೇಳುವುದಾದರೆ ಸ್ಥಿತಿಸೂಚಕ ರಚನೆಯಲ್ಲಿ ಗಾರ್ಗ್ಯನ ಮಾತು ಸಲ್ಲುತ್ತದೆ, ಘಟನಾಸೂಚಕ ರಚನೆಯಲ್ಲಿ ಶಾಕಟಾಯನನದು.

ಬಂದೂಕಿನ ವಿಷಯದಲ್ಲಿನ ಬಳಕೆಯು ವಿದ್ಯುದ್ದೀಪಕ್ಕಿಂತ ಬಹು ಹಿಂದಿನದೆಂಬುದನ್ನೂ ಇಲ್ಲಿ ನೆನೆಯಬೇಕು. ಸ್ವಿಚ್ಚು ಬಂದು ‘ಆನ್’ ಮತ್ತು ‘ಆಫ್’ ಎಂಬ ಎರಡು ಸ್ಥಿತಿಗಳನ್ನು ಮನೆಮನೆಗೆ ಪರಿಚಯಿಸಿದ ಮೇಲೆ ಸ್ಥಿತಿಸೂಚಕ ‘ಆಫ್’ ಬಲಗೊಂಡಿತು. ಅಲಾರಂ ಕೂಡ ಈಗ ಸ್ವಿಚ್ಚುಳ್ಳ ವಸ್ತುವೇ. ಆದರೂ ಅದರ ಕ್ರಿಯಾಪದ ಬಂದೂಕಿನ ಗುಂಪಿನಲ್ಲಿಯೇ ಉಳಿದಿದೆ.

6. ಕನ್ನಡದ ‘ಹೋಗು’ ಮತ್ತು ‘ಆಫ್ ಆಗು’

ಮೇಲಿನ (5)ರಿಂದ (8)ರ ವರೆಗಿನ ಕನ್ನಡ ರೂಪಗಳನ್ನು ಮತ್ತೊಮ್ಮೆ ನೋಡಬೇಕು. ಹಾಲು ಕೆಟ್ಟುಹೋಗುತ್ತದೆ, ಆಸೆ ಹೋಗುತ್ತದೆ, ಮಗು ನಿದ್ದೆಹೋಗುತ್ತದೆ. ದೀಪ ಆರಿಹೋಗುತ್ತದೆ ಎಂದೂ ಹೇಳುತ್ತೇವೆ. ಕರೆಂಟು ‘ಹೋಗಿ’, ಬಳಿಕ ‘ಬರುತ್ತದೆ’. ಕ್ಲಾರ್ಕ್ ಇಂಗ್ಲಿಷಿನಲ್ಲಿ ಕಂಡ ದಿಕ್ಕಿನ ತರ್ಕ ಇಲ್ಲಿಯೂ ನಿಚ್ಚಳವಾಗಿದೆ. ಸಹಾಯಕ ಕ್ರಿಯೆಯಾಗಿ ‘ಹೋಗು’ ಸಾಮಾನ್ಯವಾಗಿ ಕರ್ತೃವಿನ ಇಚ್ಛೆಗೆ ಹೊರತಾದ, ಹಲವು ವೇಳೆ ಅನಪೇಕ್ಷಿತವಾದ ಬದಲಾವಣೆಯನ್ನು ಸೂಚಿಸುತ್ತದೆ: ಒಡೆದುಹೋಯಿತು, ಮರೆತುಹೋಯಿತು, ಕಳೆದುಹೋಯಿತು.

ಆದರೆ (3) ಮತ್ತು (4)ರಲ್ಲಿ ‘ಹೋಗು’ ಕಾಲಿಡುವುದಿಲ್ಲ. ಗುಂಡು ‘ಹಾರುತ್ತದೆ’, ಬಾಂಬು ‘ಸಿಡಿಯುತ್ತದೆ’, ಅಲಾರಂ ‘ಬಡಿಯುತ್ತದೆ’ ಅಥವಾ ‘ಹೊಡೆದುಕೊಳ್ಳುತ್ತದೆ’. ‘ಅಲಾರಂ ಹೋಯಿತು’ ಎಂದರೆ ಅದು ಕೆಟ್ಟಿತು ಅಥವಾ ಕಳೆಯಿತು ಎಂದೇ ಅರ್ಥ. ಅಂದರೆ ಇಂಗ್ಲಿಷಿನ ಒಂದೇ ರೂಪದೊಳಗೆ ನಾವು ಪರೀಕ್ಷೆಗಳಿಂದ ಎಳೆದ ಗೆರೆಯ ಉದ್ದಕ್ಕೂ ಕನ್ನಡವು ಬೇರೆ ಬೇರೆ ಧಾತುಗಳನ್ನು ಬಳಸುತ್ತದೆ. ಸ್ಥಿತಿಯ ಕಡೆ ‘ಹೋಗು’, ಘಟನೆಯ ಕಡೆ ಪ್ರತಿಯೊಂದಕ್ಕೂ ತನ್ನದೇ ಕ್ರಿಯೆ.

ಎರವಲು ಪದವು ಇದೇ ಗೆರೆಯನ್ನು ಅನುಸರಿಸಿದೆ. ಲೈಟು ಆಫ್ ಆಯಿತು, ಮೋಟಾರು ಆಫ್ ಮಾಡು, ಫೋನ್ ಸ್ವಿಚ್ ಆಫ್ ಆಗಿದೆ, ಗಾಡಿ ದಾರಿಯಲ್ಲೇ ಆಫ್ ಆಯಿತು, ಮೂಡ್ ಆಫ್ ಆಗಿದೆ: ಈ ಎಲ್ಲ ಬಳಕೆಗಳಲ್ಲಿ ‘ಆಫ್’ ಒಂದು ಸ್ಥಿತಿಯ ಹೆಸರು. ‘ಆಗು’ ಆ ಸ್ಥಿತಿಗೆ ಬರುವುದನ್ನೂ ‘ಮಾಡು’ ತರುವುದನ್ನೂ ಹೇಳುತ್ತವೆ. ಘಟನಾಸೂಚಕ ರಚನೆ ಕನ್ನಡಕ್ಕೆ ಬರಲೇ ಇಲ್ಲ. ಬಾಂಬು ‘ಆಫ್ ಆಯಿತು’ ಎಂದು ಯಾರಾದರೂ ಹೇಳಿದರೆ ಅದು ನಿಷ್ಕ್ರಿಯಗೊಂಡಿತೆಂದೇ ನಾವು ತಿಳಿಯುತ್ತೇವೆ. ‘ಅಲಾರಂ ಆಫ್ ಆಯಿತು’ ಎಂದರೆ ಅಲಾರಂ ನಿಂತಿತು.

ನಮ್ಮ ವಿದ್ಯಾರ್ಥಿಗಳು (1)ನ್ನು ಓದಿದಾಗ ಮಾಡಿದ್ದು ಇಷ್ಟೇ: ‘ವೆಂಟ್ ಆಫ್’ ಎಂಬುದರಲ್ಲಿ ತಮಗೆ ಬಾಲ್ಯದಿಂದ ಪರಿಚಿತವಾದ ‘ಆಫ್’ ಅನ್ನು ಗುರುತಿಸಿ, ‘ಆಫ್ ಆಯಿತು’ ಎಂದು ಅನ್ವಯಿಸಿದರು. ಆ ‘ಆಫ್’ ಕನ್ನಡದ ಕಲ್ಪನೆಯಲ್ಲ. ‘ದಿ ಅಲಾರಂ ಈಸ್ ಆಫ್’ ಎಂಬ ಶುದ್ಧ ಇಂಗ್ಲಿಷ್ ವಾಕ್ಯದಲ್ಲಿರುವುದೂ ಅದೇ. ಅವರ ತಪ್ಪು ಅಜಾಗರೂಕತೆಯದಲ್ಲ. ಇಂಗ್ಲಿಷ್ ತನ್ನೊಳಗೆ ಎಲ್ಲಿ ಬಿರುಕುಬಿಟ್ಟಿದೆಯೋ ಅಲ್ಲಿಯೇ ಅವರು ಎಡವಿದ್ದಾರೆ.

7. ಸಮಾರೋಪ

ಈ ವಿಶ್ಲೇಷಣೆಯಿಂದ ಎರಡು ಸೂಚನೆಗಳು ಹೊರಡುತ್ತವೆ. ಒಂದು, ಇಂಗ್ಲಿಷ್-ಕನ್ನಡ ನಿಘಂಟುಗಳು ಪದಗುಚ್ಛ ಕ್ರಿಯಾಪದದ ಅರ್ಥಗಳನ್ನು ಸಂಖ್ಯೆಯ ಸಾಲಿನಲ್ಲಿ ಪೋಣಿಸುವ ಬದಲು, ಯಾವ ಬಗೆಯ ಕರ್ತೃಪದದೊಡನೆ ಯಾವ ಅರ್ಥ ಎಂಬುದನ್ನು ಗುಂಪಾಗಿ ತೋರಿಸಬೇಕು. ‘ಗೋ ಆಫ್’ನ ಕೆಳಗೆ ‘ಸಜ್ಜಾಗಿ ಕಾಯುವ ವಸ್ತು’ ಮತ್ತು ‘ಉರಿಯುತ್ತಿರುವ, ನಡೆಯುತ್ತಿರುವ ಅಥವಾ ಹದವಾಗಿರುವ ವಸ್ತು’ ಎಂಬ ಎರಡು ಶೀರ್ಷಿಕೆಗಳಿದ್ದರೆ ಹೆಚ್ಚಿನ ಗೊಂದಲ ನೀಗುತ್ತದೆ. ಎರಡು, ತರಗತಿಯಲ್ಲಿ ‘ಗೋ ಆಫ್’ ಅನ್ನು ಒಂಟಿಯಾಗಿ ಕಲಿಸದೆ ‘ಸೆಟ್ ಆಫ್’, ‘ಟರ್ನ್ ಆಫ್’, ‘ಬಿ ಆಫ್’ಗಳೊಡನೆ ಜೋಡಿಸಿ ಕಲಿಸಬೇಕು. ಅಲಾರಂ ಒಂದನ್ನೇ ಈ ನಾಲ್ಕು ರೂಪಗಳಲ್ಲಿ ತೋರಿಸಿದರೆ ರಚನೆಗಳ ಭೇದವು ವಿದ್ಯಾರ್ಥಿಗೆ ತಾನಾಗಿ ಕಾಣುತ್ತದೆ.

ಬಹ್ವರ್ಥತೆಯ ಅಧ್ಯಯನಕ್ಕೂ ಇಲ್ಲೊಂದು ಎಚ್ಚರಿಕೆಯಿದೆ. ಅರ್ಥಗಳ ನಡುವೆ ಸಾಮ್ಯವನ್ನು ಕಾಣುವುದು ಸುಲಭ, ಹಿತವೂ ಹೌದು. ಬೇರ್ಪಡಿಕೆಯ ಮೂಲಾರ್ಥವು ‘ಗೋ ಆಫ್’ನ ಅರ್ಥಗಳು ಹೇಗೆ ಹುಟ್ಟಿದವೆಂಬುದನ್ನು ಬೆಳಗುತ್ತದೆ. ಇಂದು ಅವು ಹೇಗೆ ವರ್ತಿಸುತ್ತವೆಂಬುದನ್ನು ತಿಳಿಯಲು ವಾಕ್ಯರಚನೆಯ ಪರೀಕ್ಷೆಗಳೇ ಬೇಕು. ಎರಡನ್ನೂ ಒಂದೆಂದು ಭ್ರಮಿಸಿದರೆ, ಅಲಾರಂ ಬಡಿಯುವುದೂ ದೀಪ ಆರುವುದೂ ಒಂದೇ ಎಂದು ವಿದ್ಯಾರ್ಥಿಗೆ ಹೇಳಿ, ಬಳಿಕ ಅವರು ಅದನ್ನು ನಂಬಿದ್ದಕ್ಕೆ ಅಂಕ ಕಳೆಯಬೇಕಾಗುತ್ತದೆ. ನಾವು ಮಾಡಿದ್ದು ಅದನ್ನೇ. ಮುಂದಿನ ಪರೀಕ್ಷೆಗಳಲ್ಲಿ ಆ ವಾಕ್ಯವನ್ನು ಉಳಿಸಿಕೊಂಡಿದ್ದೇವೆ. ಆದರೆ ಅದಕ್ಕೆ ಮೊದಲು ಈ ಎರಡು ರಚನೆಗಳ ಪಾಠ ನಡೆದಿರುತ್ತದೆ.